ಮೂರು ಪ್ಲೇಟಿನ ಅಡುಗೆ

ಭಾನುವಾರ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವವರಿಗೆ ಅರ್ಧ ದಾರಿಯಲ್ಲೇ ಗೊತ್ತಾಗಿಬಿಡುತ್ತಿತ್ತು, ಮೇಲಿನ ಮಾಳಿಗೆಯಲ್ಲಿ ಕೋಳಿ ಬೇಯುತ್ತಿದೆ ಎಂದು. ಡೊಂಬಿವಲಿ ಪೂರ್ವದಲ್ಲಿ, ಠಾಕುರ್ಲಿಗೆ ಹತ್ತಿರ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗು ನಮ್ಮದು. ಕೆಳಗಿನ ಮನೆಯ ಮರಾಠಿ ಹೆಂಗಸು ಬಾಗಿಲಲ್ಲೇ ನಿಂತು "ಆಜ್ ಕೋರಿ ರೊಟ್ಟಿ ಕಾ?" ಎಂದು ನಗುತ್ತಿದ್ದಳು. ಕೇಳುವುದು ಸುಮ್ಮನೆ ಅಲ್ಲ, ಒಂದು ಬಟ್ಟಲು ಕಳಿಸು ಎಂದು ಅದರ ಅರ್ಥ. ಕಳಿಸುತ್ತಿದ್ದೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು ಇದು.

ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಗಂಡ ಠಾಣೆ ಸ್ಟೇಷನ್ ಬಳಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಆಫೀಸಿನವರನ್ನೇ ನಂಬಿಕೊಂಡ ಇಡ್ಲಿ, ದೋಸೆ, ಊಟದ ಹೋಟೆಲು ಅದು, ಹಾಗಾಗಿ ಭಾನುವಾರ ರಜೆ. ಮಗಳಿಗೆ ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಬೆಳಿಗ್ಗೆ ಅಪ್ಪ ಮಗಳು ಒಂದೇ ಲೋಕಲ್ ಹಿಡಿದು, ಠಾಣೆಯಲ್ಲಿ ಬೇರೆಯಾಗಿ, ಅವಳು ಐರೋಲಿಯ ಗಾಡಿಗೆ ಓಡುತ್ತಿದ್ದಳು. ಮನೆಯಲ್ಲಿ ಉಳಿಯುವುದು ನಾನು ಮತ್ತು ಅತ್ತೆ. ಅತ್ತೆ ಉಡುಪಿ ಕಡೆಯ ಹಳ್ಳಿಯಿಂದ ಬಂದು ಎಷ್ಟೋ ವರ್ಷವಾಗಿದ್ದರೂ ತುಳು ಬಿಟ್ಟು ಬೇರೆ ಭಾಷೆಗೆ ಬಾಯಿ ತೆರೆದವರಲ್ಲ. ತರಕಾರಿಯವನ ಜೊತೆ ಜಗಳವೂ ತುಳುವಿನಲ್ಲೇ. ಅವನಿಗೆ ಅರ್ಥವೂ ಆಗುತ್ತಿತ್ತು. ಅವರ ಮಾತನ್ನೆಲ್ಲ ನಾನಿಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ, ಆ ಖಾರ ಇಳಿಯದಿದ್ದರೆ ತಪ್ಪು ನನ್ನದು.

ನಮ್ಮ ಅಡುಗೆ ಎಂದರೆ ತೆಂಗಿನಕಾಯಿ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಗೋಣಿ ಬರುತ್ತಿತ್ತು. ಅದನ್ನು ಮೇಲಕ್ಕೆ ಹೊತ್ತು ತಂದು ಬಾಲ್ಕನಿಯಂಥ ಗ್ಯಾಲರಿಯ ಮೂಲೆಯಲ್ಲಿ ಒರಗಿಸಿಟ್ಟರೆ ಅತ್ತೆಯ ಮುಖಕ್ಕೆ ಕಳೆ ಬರುತ್ತಿತ್ತು. ಪಲ್ಯಕ್ಕೆ ಕಾಯಿ, ಸಾರಿಗೆ ಕಾಯಿ, ಮೀನಿಗೆ ಕಾಯಿ, ಕೋಳಿಗೆ ಅರೆದ ಕಾಯಿಯೂ ಬೇಕು, ಹಿಂಡಿದ ಹಾಲೂ ಬೇಕು. ಕೊನೆಗೆ ತೆಂಗಿನೆಣ್ಣೆಯಲ್ಲಿ ಈರುಳ್ಳಿ ಹುರಿದು ಒಗ್ಗರಣೆ. ಗರಿಗರಿ ಅಕ್ಕಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ, ಮೇಲೆ ಕೋಳಿ ಗಸಿ ಸುರಿದು, ರೊಟ್ಟಿ ಇನ್ನೇನು ಮೆತ್ತಗಾಗಬೇಕು ಅನ್ನುವಷ್ಟರಲ್ಲಿ ತಿನ್ನಬೇಕು. ಆಗ ನನ್ನ ಗಂಡ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಆರು ದಿನ ಗಿರಾಕಿಗಳ ಗಲಾಟೆಯಲ್ಲಿ ಕಳೆದ ಮನುಷ್ಯ, ಏಳನೆಯ ದಿನ ಆ ತಟ್ಟೆಯ ಎದುರು ತಣ್ಣಗಾಗುತ್ತಿದ್ದರು.

ನಾನು ಕೊನೆಗೆ ಉಣ್ಣುವವಳು. ಹಾಗೆ ಮಾಡು ಎಂದು ಯಾರೂ ಹೇಳಿದ್ದಿಲ್ಲ. ನನ್ನ ಅಮ್ಮ ಹಾಗೆ, ಅತ್ತೆ ಅವರ ಕಾಲದಲ್ಲಿ ಹಾಗೆ, ನಾನೂ ಹಾಗೆ. ಇದನ್ನು ಓದಿ ಯಾರಾದರೂ ಅಯ್ಯೋ ಪಾಪ ಎಂದರೆ ನನಗೆ ಸಿಟ್ಟು ಬರುತ್ತದೆ. ಕೊನೆಗೆ ಉಣ್ಣುವುದರ ಸುಖ ಅವರಿಗೇನು ಗೊತ್ತು? ಗಸಿಯ ಪಾತ್ರೆಯ ತಳದಲ್ಲಿ ಮಸಾಲೆ ದಪ್ಪಗೆ ಕುಳಿತಿರುತ್ತದೆ. ಅದಕ್ಕೆ ಬಿಸಿ ಅನ್ನ ಹಾಕಿ, ಪಾತ್ರೆಯಲ್ಲೇ ಕಲಸಿ, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು ಉಂಡರೆ ಆಹಾ! ತವೆಗೆ ಹಿಡಿದು ಹರಿದ ನೀರುದೋಸೆಗಳೆಲ್ಲ ನನ್ನವು, ಮೀನಿನ ತಲೆ ನನ್ನದು. ಎಲ್ಲರಿಗೂ ಬಡಿಸಿದ ಮೇಲೂ ಪಾತ್ರೆಯಲ್ಲಿ ಇದ್ದೇ ಇರುತ್ತಿತ್ತು. ನಮ್ಮ ಕಡೆ ಅಳತೆ ಮಾಡಿ ಅಡುಗೆ ಮಾಡುವವಳನ್ನು ಜಿಪುಣಿ ಅನ್ನುತ್ತಾರೆ.

ಒಂದು ಸೋಮವಾರ ಮಧ್ಯಾಹ್ನ, ಊಟದ ಗಿರಾಕಿಗಳ ನೂಕುನುಗ್ಗಲಿನ ಹೊತ್ತಿಗೆ, ನನ್ನ ಗಂಡ ಗಲ್ಲಾದ ಹಿಂದೆ ಎದೆ ಹಿಡಿದು ಕುಳಿತುಬಿಟ್ಟರು. ಹುಡುಗರು ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದರಂತೆ. ಗಿರಾಕಿಯೊಬ್ಬರು ಮುಖದ ಬೆವರು ನೋಡಿ ಬೈದು, ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸಾಗಿಸಿದರು. ಆ ಪುಣ್ಯಾತ್ಮ ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ನಾನು ಠಾಣೆಗೆ ಹೋಗುವ ಲೋಕಲಿನಲ್ಲಿ ಬಾಗಿಲ ಕಂಬ ಹಿಡಿದು ನಿಂತಿದ್ದೆ, ಮುಂಬ್ರಾ ಯಾವಾಗ ಬಂತು, ಕಳವಾ ಯಾವಾಗ ಹೋಯಿತು, ಒಂದೂ ತಿಳಿಯಲಿಲ್ಲ.

ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದರು: "ಔಷಧಿ ನಾನು ಕೊಡುತ್ತೇನೆ. ಆದರೆ ಅರ್ಧ ಕೆಲಸ ನಿಮ್ಮ ಅಡುಗೆಮನೆಯದು. ಇನ್ನೊಂದು ಸಲ ಹೀಗಾದರೆ ಏನೆಂದು ನಾನು ಹೇಳಲಾರೆ." ಎಣ್ಣೆ, ತುಪ್ಪ, ಕರಿದದ್ದು, ಉಪ್ಪು, ಸಿಹಿ ಎಲ್ಲ ಕಡಿಮೆ. ತೆಂಗಿನಕಾಯಿ ಸದ್ಯಕ್ಕೆ ಮರೆತುಬಿಡಿ. ಅನ್ನ ಅಳತೆಯಲ್ಲಿ. ನಾನು ತಲೆಯಾಡಿಸಿದೆ. ಗೋಣಿಗಟ್ಟಲೆ ಕಾಯಿ ಹೆರೆದು, ಹಿಂಡಿ, ಪ್ರೀತಿಯಿಂದ ಉಣಬಡಿಸಿದ್ದು ನಾನೇ. ಇನ್ನು ಈ ಮನುಷ್ಯನನ್ನು ಉಳಿಸಿಕೊಳ್ಳಬೇಕಾದವಳೂ ನಾನೇ. ಅದೊಂದು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಮನೆಗೆ ಬಂದ ಮೊದಲ ದಿನ ಕಾಯಿ ಇಲ್ಲದೆ ಹುರುಳಿ ಸಾರು, ಎಣ್ಣೆ ಇಲ್ಲದ ಬೆಂಡೆ ಪಲ್ಯ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಮಗನ ಮುಖ ನೋಡಿ, ನನ್ನ ಮುಖ ನೋಡಿದರು.

"ಇದು ಎಂಥದ್ದು ಮಾರಾಯ್ತಿ? ಪಾತ್ರೆ ತೊಳೆದ ನೀರಾ?"

"ಡಾಕ್ಟರು ಹೇಳಿದ್ದು ಅತ್ತೆ."

"ಡಾಕ್ಟರಿಗೆ ಎಂಥ ಗೊತ್ತುಂಟು? ನನ್ನ ಮಾವ ದಿನಾ ಕಾಯಿ ತಿಂದೇ ಅಷ್ಟು ಕಾಲ ಬದುಕಿದ್ರು."

"ಅವರು ದಿನಾ ಗದ್ದೆಗೂ ಹೋಗ್ತಿದ್ರಲ್ಲ. ನಿಮ್ಮ ಮಗ ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂರುವುದು."

ಅತ್ತೆ ಮುಖ ಊದಿಸಿಕೊಂಡು ಎದ್ದು ಹೋದರು. ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಮಗನಿಗೆ ತಿನ್ನಿಸುವುದೊಂದೇ ಅವರಿಗೆ ಗೊತ್ತಿದ್ದ ಪ್ರೀತಿ. ಆಸ್ಪತ್ರೆಯಿಂದ ಬಡವಾಗಿ ಬಂದ ಮಗನಿಗೆ ತುಪ್ಪ ಹಾಕಬೇಡ ಎಂದರೆ ಯಾವ ತಾಯಿಯ ಹೊಟ್ಟೆ ಉರಿಯುವುದಿಲ್ಲ? ಅವತ್ತು ಮಧ್ಯಾಹ್ನ ಗೋಣಿಯ ಪಕ್ಕದಲ್ಲಿ ಕುಳಿತು ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ನೀರಿದೆಯೋ ಎಂದು ಕೇಳಿ, ಮತ್ತೆ ಒಳಗಿಡುತ್ತಿದ್ದರು. ನೋಡಿ ನನಗೆ ಅಳು ಬಂತು. ಆದರೂ ಸಂಜೆ ಅಷ್ಟನ್ನೂ ಬಿಲ್ಡಿಂಗಿನವರಿಗೆ ಹಂಚಿಬಿಟ್ಟೆ.

ಅಳತೆಯ ತೊಂದರೆಗೆ ದಾರಿ ಹುಡುಕಿದವರು ನನ್ನ ಗಂಡನೇ. ಮಲಗಿಯೇ ಇದ್ದರೂ ಮ್ಯಾನೇಜರ್ ಬುದ್ಧಿ ಎಲ್ಲಿ ಹೋಗುತ್ತದೆ? ಹೋಟೆಲಿನಿಂದ ನೋಡಲು ಬಂದ ಹುಡುಗರ ಕೈಯಲ್ಲಿ ಗುಳಿಗಳಿದ್ದ ಸ್ಟೀಲು ತಟ್ಟೆಗಳನ್ನೂ ಒಂದೇ ಅಳತೆಯ ಸಣ್ಣ ಬಟ್ಟಲು, ಅಂದರೆ ವಾಟಿಗಳನ್ನೂ ತರಿಸಿದರು. "ಹೀಗೆ ಪಾತ್ರೆ ನಡುವೆ ಇಟ್ಕೊಂಡು ಬಡಿಸಿದ್ರೆ ಯಾವ ಡಯಟೂ ಆಗುದಿಲ್ಲ. ಹೋಟೆಲಿನ ರೈಸ್ ಪ್ಲೇಟಿನ ಹಾಗೆ ಮಾಡುವ. ಒಂದು ವಾಟಿ ಅನ್ನ, ಒಂದು ವಾಟಿ ಸಾರು, ಪಲ್ಯ ಎರಡು ವಾಟಿ. ಪ್ಲೇಟ್ ಕಟ್ಟಿ ಎದುರಿಗೆ ಇಡುದು. ಎರಡನೇ ಸಲ ಇಲ್ಲ," ಎಂದರು. ಮಗಳಿಗೆ ಬಹಳ ಖುಷಿಯಾಯಿತು. "ಸಹೀ ಹೈ ಪಪ್ಪಾ! ಸಬ್ ಕೇ ಲಿಯೇ ಸೇಮ್," ಅಂದಳು, ಅವಳಿಗೆ ಮೊದಲೇ ತೂಕ ಇಳಿಸುವ ಹುಚ್ಚು. ಅತ್ತೆಗೂ ಬಿ.ಪಿ. ಇತ್ತು. ಒಂದು ಮನೆಯಲ್ಲಿ ಎರಡು ಒಲೆ ಬೇಡವೆಂದು ಎಲ್ಲರಿಗೂ ಒಂದೇ ಅಡುಗೆ ಎಂದು ತೀರ್ಮಾನವಾಯಿತು.

ಮರುದಿನದಿಂದ ನಾನು ಮೂರು ಪ್ಲೇಟಿನ ಲೆಕ್ಕಕ್ಕೆ ಅಡುಗೆ ಮಾಡತೊಡಗಿದೆ. ಗಂಡನದೊಂದು, ಅತ್ತೆಯದೊಂದು, ಮಗಳದೊಂದು. ಮಿಕ್ಕಿದರೆ ಯಾರಾದರೂ ಕೈ ಹಾಕುತ್ತಾರೆ ಎಂಬ ಭಯಕ್ಕೆ ಪಾತ್ರೆಯಲ್ಲಿ ಒಂದು ಸೌಟೂ ಉಳಿಯದ ಹಾಗೆ ನೋಡಿಕೊಂಡೆ. ಆ ವಿದ್ಯೆ ನನಗೆ ಎಷ್ಟು ಬೇಗ ಕೈವಶವಾಯಿತೆಂದರೆ ನನಗೇ ಹೆಮ್ಮೆಯಾಗುತ್ತಿತ್ತು.

ಹೋಟೆಲಿಗೆ ಮತ್ತೆ ಹೋಗಲು ಶುರುಮಾಡಿದಾಗ ಹೊಸ ತಲೆಬಿಸಿ ಹತ್ತಿಕೊಂಡಿತು. ಬೆಳಿಗ್ಗೆಯಿಂದ ಕಣ್ಣೆದುರು ತುಪ್ಪದ ದೋಸೆ, ಬನ್ಸು, ಗೋಳಿಬಜೆ. ಚಟ್ನಿ ಸರಿಯಾಗಿದೆಯೇ ನೋಡಬೇಕು, ಸಾಂಬಾರಿಗೆ ಉಪ್ಪು ಸಾಕೇ ನೋಡಬೇಕು. ಹೋಟೆಲಿನವರು ರುಚಿ ನೋಡಿದ್ದನ್ನು ತಿಂದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಂಜೆ ಅವರ ಶರ್ಟು ಮೂಸಿದರೆ ನನಗೆ ಗೊತ್ತಾಗುತ್ತಿತ್ತು.

"ಬನ್ಸು ತಿಂದ್ರಾ?"

"ಇಲ್ಲ ಮಾರಾಯ್ತಿ. ಹಿಟ್ಟು ಹುಳಿ ಬಂದಿದ್ಯಾ ನೋಡಿದ್ದು."

"ಎಷ್ಟು ಬನ್ಸಿನಲ್ಲಿ ನೋಡಿದ್ರಿ?"

ಅವರು ಟವೆಲು ಹಿಡಿದು ಬಚ್ಚಲಿಗೆ ನಡೆದರು. ಕೊನೆಗೆ ನಾನು ಡಬ್ಬ ಕಟ್ಟಿಕೊಡಲು ಶುರುಮಾಡಿದೆ. ಹೋಟೆಲಿನ ಮ್ಯಾನೇಜರು ಮನೆಯಿಂದ ಡಬ್ಬ ತರುವುದೆಂದರೆ ಸಣ್ಣ ಮಾತಲ್ಲ. ಗಿರಾಕಿ ನೋಡಿದರೆ ಇಲ್ಲಿಯ ಊಟ ಇವನಿಗೇ ಬೇಡವಾಯಿತಲ್ಲ ಎಂದುಕೊಳ್ಳುವುದಿಲ್ಲವೇ? ಹುಡುಗರು ಮುಸಿಮುಸಿ ನಗುತ್ತಿದ್ದರಂತೆ. ಇವರು ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ, ಬಾಗಿಲು ಓರೆ ಮಾಡಿಕೊಂಡು ಉಣ್ಣುತ್ತಿದ್ದರು. ಅಷ್ಟು ಜನಕ್ಕೆ ದಿನಾ ಊಟ ಹಾಕಿಸುವವರು ಹಾಗೆ ಬಚ್ಚಿಟ್ಟುಕೊಂಡು ಉಣ್ಣುವುದನ್ನು ನೆನೆದು ನನಗೆ ಬೇಸರವಾಗುತ್ತಿತ್ತು. ಆದರೆ ಡಬ್ಬ ಖಾಲಿಯಾಗಿ ಬರುತ್ತಿತ್ತು, ಶರ್ಟಿನ ವಾಸನೆಯೂ ಕ್ರಮೇಣ ಕಡಿಮೆಯಾಯಿತು.

ಡಬ್ಬಕ್ಕೆ ಜೋಳದ ರೊಟ್ಟಿ ಕಲಿಸಿಕೊಟ್ಟವಳು ಪಕ್ಕದ ಬಿಲ್ಡಿಂಗಿನ ವಿಜಯಪುರದ ಕಡೆಯ ಹೆಂಗಸು. ಅವಳ ಗಂಡನಿಗೆ ಭಿವಂಡಿಯ ಗೋದಾಮಿನಲ್ಲಿ ಕೆಲಸ. ನಾನು ತಟ್ಟಿದ ಮೊದಲ ರೊಟ್ಟಿ ಭಾರತದ ನಕ್ಷೆಯ ಹಾಗೆ ಆಗಿ, ತವೆಗೆ ಹಾಕುವಾಗ ಎರಡು ತುಂಡಾಯಿತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

"ಯಕ್ಕಾ, ಬಿಸಿ ನೀರ ಹಾಕ್ರಿ, ಹಿಟ್ಟ ಚಂದಂಗ ನಾದ್ರಿ. ನಿಮ್ಮ ಮಂದಿಗೆ ರೊಟ್ಟಿ ಅಂದ್ರ ಹಪ್ಪಳಾಗಿರಬೇಕ ನೋಡ್ರಿ. ಇದು ಹೊಟ್ಟಿ ತುಂಬು ರೊಟ್ಟಿ!"

ಕಲಿತೆ. ಗುಂಡಗೆ ಬರಲು ಬಹಳ ದಿನ ಬೇಕಾಯಿತು, ಆದರೆ ಕಲಿತೆ. ಅತ್ತೆ ಮಾತ್ರ ಜೋಳದ ರೊಟ್ಟಿಯನ್ನು ತಟ್ಟೆಯಲ್ಲಿ ಆಚೀಚೆ ಸರಿಸಿ, "ದನಕ್ಕೆ ಹಾಕುವ ಜೋಳವನ್ನು ನನಗೆ ಹಾಕಿದ್ದಿ" ಎಂದು ಗೊಣಗುತ್ತಿದ್ದರು. ತಿನ್ನುವ ಮೊದಲೇ ರೊಟ್ಟಿಯನ್ನು ಅರ್ಧ ಹರಿದು, "ನನ್ನ ಹಲ್ಲಿಗೆ ಇದು ಆಗುದಿಲ್ಲ, ಮುಚ್ಚಿಡು" ಎಂದು ಹಿಂದಿರುಗಿಸುತ್ತಿದ್ದರು. ದಿನವೂ ಅದೇ ರಾಗ. ಅಷ್ಟು ಕಷ್ಟಪಟ್ಟು ತಟ್ಟಿದ್ದನ್ನು ಬೇಡ ಅನ್ನುತ್ತಾರಲ್ಲ ಎಂದು ನಾನು ಒಳಗೊಳಗೇ ಉರಿದುಹೋಗುತ್ತಿದ್ದೆ.

ಅತ್ತೆಗೂ ನನಗೂ ರಾಜಿಯಾದದ್ದು ಬಂಗುಡೆ ಮೀನಿನ ದೆಸೆಯಿಂದ. ಒಂದು ದಿನ ನಾನು ಮೀನನ್ನು ಬರೀ ಅರಿಶಿನ ಉಪ್ಪು ಹಾಕಿ ಬೇಯಿಸಲು ಹೊರಟಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡರು.

"ಮೀನಿಗೆ ಈ ಗತಿ ಬೇಡ. ಕಾಯಿ ಹಾಕಬಾರದು, ಅಷ್ಟೇ ಅಲ್ವಾ? ಪುಳಿಮುಂಚಿ ಮಾಡು."

ನಾನು ಬಾಯಿಬಿಟ್ಟು ನಿಂತೆ. ಹುಳಿ, ಒಣಮೆಣಸು, ಬೆಳ್ಳುಳ್ಳಿ, ಶುಂಠಿ. ಒಂದು ಚೂರು ಕಾಯಿ ಬೇಡ ಪುಳಿಮುಂಚಿಗೆ. ನಮ್ಮದೇ ಅಡುಗೆ, ನಾನೇ ಎಷ್ಟೋ ಸಲ ಮಾಡಿದ್ದು, ಹೆದರಿಕೆಯಲ್ಲಿ ನೆನಪೇ ಆಗಿರಲಿಲ್ಲ. ಅವತ್ತಿನಿಂದ ಅತ್ತೆಗೆ ಹುರುಪು ಬಂತು. ಊರಿನಲ್ಲಿ ಮಳೆಗಾಲದ ಕೈ ಬಿಗಿಯ ದಿನಗಳಲ್ಲಿ ಮಾಡುತ್ತಿದ್ದುದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಹೇಳತೊಡಗಿದರು. ಹಬೆಯಲ್ಲಿ ಬೇಯುವ ಪತ್ರೊಡೆ, ಕಾಯಿಯ ಬದಲು ಬರೀ ಮಜ್ಜಿಗೆಯ ಒಂದೆಲಗದ ತಂಬುಳಿ, ಹೆಸರುಕಾಳು ಹಾಕಿದ ಬಸಳೆ, ಕುಚ್ಚಲಕ್ಕಿ ಗಂಜಿಗೆ ಮಾವಿನಕಾಯಿ ಜಜ್ಜಿದ್ದು. ಬಸಳೆಯ ಬಳ್ಳಿಯನ್ನು ಗ್ಯಾಲರಿಯ ಡಬ್ಬಿಯಲ್ಲಿ ನೆಟ್ಟು ಗ್ರಿಲ್ಲಿಗೆ ಹಬ್ಬಿಸಿದರು. ಭಾನುವಾರಕ್ಕೂ ಅವರೇ ದಾರಿ ತೋರಿಸಿದರು. ತಿಂಗಳಿಗೊಮ್ಮೆ ಕೋಳಿ, ಚರ್ಮ ತೆಗೆದು. ಕಾಯಿ ಹಾಲು ಬೇಡ, ಹುರಿದ ಕೊತ್ತಂಬರಿ, ಈರುಳ್ಳಿ ಅರೆದು ದಪ್ಪ ಬರಿಸುವುದು, ಕೊನೆಗೆ ಪರಿಮಳಕ್ಕೆ ಒಂದು ಹಿಡಿ ಕಾಯಿತುರಿ. ಡಾಕ್ಟರನ್ನು ಕೇಳಿದ್ದಕ್ಕೆ, ಅಷ್ಟು ಪರವಾಗಿಲ್ಲ, ಮನುಷ್ಯನಿಗೆ ಖುಷಿಯೂ ಬೇಕಲ್ಲ ಎಂದು ನಕ್ಕರು. ಮೊದಲ ಭಾನುವಾರ ನನ್ನ ಗಂಡ ಅದನ್ನು ತಿಂದು, ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, "ಮೊದಲಿನ ಹಾಗೆ ಅಲ್ಲ. ಆದ್ರೆ ಇದು ಬೇರೆಯೇ ಒಂದು ಚಂದ ಉಂಟು" ಎಂದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೆಣಸಿನ ಘಾಟು ಎಂದರು.

ವರ್ಷ ಕಳೆಯುವಷ್ಟರಲ್ಲಿ ನನ್ನ ಗಂಡನ ಹೊಟ್ಟೆ ಕರಗಿತು. ರಕ್ತಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು ಶಭಾಷ್ ಎಂದರು. ಮಗಳು ಹಳೆಯ ಜೀನ್ಸ್ ಹಾಕಿಕೊಂಡು ಕನ್ನಡಿಯ ಮುಂದೆ ಕುಣಿದಳು. ಕನ್ನಡ ಸಂಘದ ಅರಿಶಿನ ಕುಂಕುಮದಲ್ಲಿ ಹೆಂಗಸರು ನನ್ನನ್ನು ಮುತ್ತಿಕೊಂಡರು. "ಎಷ್ಟು ಸ್ಲಿಮ್ ಆಗಿದ್ದೀರಿ! ಯಾವ ಡಯಟ್ ಮಾರಾಯ್ರೆ? ನಮಗೂ ಹೇಳಿ." ನಾನು ಬಿಗುಮಾನದಿಂದ ಪುಳಿಮುಂಚಿಯ ಬಗ್ಗೆ, ವಾಟಿಯ ಬಗ್ಗೆ ಭಾಷಣವನ್ನೇ ಕೊಟ್ಟೆ. ಮನೆಗೆ ಬಂದು ಸೀರೆ ಬಿಚ್ಚುವಾಗ ರವಿಕೆ ತೋಳಿನಲ್ಲಿ ಜೋಲುತ್ತಿರುವುದು ಕಂಡು ಸಂತೋಷವನ್ನೂ ಪಟ್ಟೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು, ಬಾಚಣಿಗೆಯಲ್ಲಿ ಕೂದಲು ಕಟ್ಟುಕಟ್ಟಾಗಿ ಬರುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಈ ವಯಸ್ಸಿಗೆ ಹೆಂಗಸರು ಎಲ್ಲದಕ್ಕೂ ಅದೊಂದನ್ನೇ ಹೇಳಿಕೊಳ್ಳುತ್ತೇವೆ.

ಮುಂದಿನ ಚೆಕಪ್ಪಿಗೆ ಗಂಡನ ಜೊತೆ ಹೋಗಿದ್ದೆ. ಡಾಕ್ಟರು ಅವರ ರಿಪೋರ್ಟು ನೋಡಿ ಮಡಚಿಟ್ಟು, ಹೊರಡಲು ಎದ್ದ ನನ್ನನ್ನು ಕೂರಿಸಿದರು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಅಲ್ಲೇ ರಕ್ತ ಕೊಡಲು ಕಳಿಸಿದರು. ರಕ್ತ ಬಹಳ ಕಡಿಮೆಯಿತ್ತು. ಇದು ಒಂದು ತಿಂಗಳಿನದ್ದಲ್ಲ, ಬಹಳ ದಿನದ್ದು ಎಂದರು.

"ಏನು ಊಟ ಮಾಡುತ್ತೀರಿ?" ಎಂದು ಕೇಳಿದರು.

ನಾನು ಗಿಣಿಪಾಠ ಒಪ್ಪಿಸಿದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಜೋಳದ ರೊಟ್ಟಿ, ಬಸಳೆ, ರಾತ್ರಿ ಒಂದು ವಾಟಿ ಅನ್ನ, ಮೀನು.

"ಅದು ಇವರ ಊಟ," ಎಂದರು ಡಾಕ್ಟರು ನನ್ನ ಗಂಡನ ಕಡೆ ಪೆನ್ನು ತೋರಿಸಿ. "ನಿಮ್ಮದು?"

"ನಮ್ಮಲ್ಲಿ ಎಲ್ಲರಿಗೂ ಒಂದೇ ಊಟ ಡಾಕ್ಟರೇ," ಎಂದರು ನನ್ನ ಗಂಡ, ಹೆಮ್ಮೆಯಿಂದಲೇ. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದು ನಂಬಿದ್ದರು. ನಾನೂ ನಂಬಿದ್ದೆ. ನಿನ್ನೆ ರಾತ್ರಿ ಏನು ತಿಂದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಚಹಾ ನೆನಪಾಯಿತು. ಚಹಾಕ್ಕೆ ಅದ್ದಿದ ಖಾರಿ ಬಿಸ್ಕೀಟು ನೆನಪಾಯಿತು. ಅತ್ತೆ ಹಿಂದಿರುಗಿಸಿದ ಅರ್ಧ ರೊಟ್ಟಿ ನೆನಪಾಯಿತು. ಅದಕ್ಕಿಂತ ಮೊದಲಿನ ದಿನವೂ ಅಷ್ಟೇ. ಪಾತ್ರೆಯಲ್ಲಿ ಉಳಿದರೆ ಉಣ್ಣುವವಳು ನಾನು, ಪಾತ್ರೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹಸಿವೆಯಾಗುತ್ತಿತ್ತು ಖಂಡಿತ. ಆದರೆ ಒಂದು ಪ್ಲೇಟು ಹೆಚ್ಚು ಮಾಡಬೇಕು ಎಂಬುದು ಅಷ್ಟು ಕಾಲ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಯಾರದೆಂದು ಮಾಡುವುದು? ಇಷ್ಟನ್ನೂ ಡಾಕ್ಟರಿಗೆ ಹೇಳಲು ನಾಚಿಕೆಯಾಗಿ, "ಉಳಿದದ್ದು" ಎಂದಷ್ಟೇ ಅಂದೆ.

ನನ್ನ ಗಂಡ ಮನೆಗೆ ಬಂದವರೇ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದರು. ನಾನು ಹೊರಡುವ ಮೊದಲೇ ಅಡುಗೆ ಮುಗಿಸಿ ಪ್ಲೇಟು ಕಟ್ಟಿಟ್ಟಿದ್ದೆ. ಮುಚ್ಚಿಟ್ಟ ಮೂರು ತಟ್ಟೆ ನೋಡಿದರು. ಸಾರಿನ ಪಾತ್ರೆಯ ಮುಚ್ಚಳ ತೆಗೆದರು, ಅನ್ನದ ಪಾತ್ರೆಯದು ತೆಗೆದರು, ಪಲ್ಯದ್ದು ತೆಗೆದರು. ಎಲ್ಲ ಬರಿದಾಗಿತ್ತು, ಸಾರಿನ ಪಾತ್ರೆಗೆ ನಾನು ನೀರು ಕೂಡ ಹಾಕಿಟ್ಟಿದ್ದೆ.

"ಅಮ್ಮಾ, ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

ಅತ್ತೆ ಬಾಗಿಲ ಬಳಿ ನಿಂತಿದ್ದರು. "ಗೊತ್ತಿಲ್ಲದೆ ಎಂಥ? ನನ್ನ ಹಲ್ಲಿಗೆ ಎಂಥ ಆಗಿದೆ? ಚಕ್ಕುಲಿ ಕಡಿಯುದಿಲ್ವಾ ನಾನು? ದಿನಾ ಅರ್ಧ ರೊಟ್ಟಿ ತೆಗ್ದು ಇಟ್ಟದ್ದು ಯಾರಿಗೆ ಅಂತ?"

ನಾನು ಅವರನ್ನೇ ನೋಡಿದೆ. ದಿನದಿನವೂ ನನ್ನನ್ನು ಉರಿಸಿದ ಅರ್ಧ ರೊಟ್ಟಿ ಅದು.

"ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ನೀನು ಕೇಳ್ತಿದ್ಯಾ? ನಾನು ನನ್ನ ಅತ್ತೆಯ ಮಾತು ಕೇಳಿದ್ದೆನಾ?" ಅತ್ತೆಯ ಸ್ವರ ಇದ್ದಕ್ಕಿದ್ದಂತೆ ಇಳಿಯಿತು. "ನಾನೂ ಕೊನೆಗೆ ಉಂಡವಳೇ ಮಗಾ. ಆದ್ರೆ ಆವಾಗ ಪಾತ್ರೆಯಲ್ಲಿ ಉಳೀತಿತ್ತು."

ನನ್ನ ಗಂಡ ಮುಚ್ಚಳಗಳನ್ನು ಒಂದೊಂದಾಗಿ ಮತ್ತೆ ಮುಚ್ಚಿದರು. "ನಮ್ಮ ಹೋಟೆಲಿನಲ್ಲಿ ಗಿರಾಕಿಗೆ ಬಡಿಸುವ ಮೊದಲು ಸ್ಟಾಫಿನ ಊಟ ತೆಗ್ದು ಇಡುದು. ತಟ್ಟೆ ತೊಳೆಯುವ ಹುಡುಗನದ್ದೂ ಸೇರಿಸಿ. ಅವನು ಉಂಡಿದ್ದಾನಾ ಅಂತ ದಿನಾ ನಾನೇ ಕೇಳ್ತೇನೆ," ಎಂದರು. ಆಸ್ಪತ್ರೆಯ ಮಂಚದ ಮೇಲೂ ಅಳದವರು ಖಾಲಿ ಪಾತ್ರೆಗಳ ಎದುರು ನಿಂತು ಅತ್ತರು. ನಾನು ಅದಕ್ಕೂ ಸಿಟ್ಟು ಮಾಡಿದೆ. "ಎದೆಗೆ ಆಯಾಸ ಮಾಡ್ಕೊಳ್ಳಬೇಡಿ. ಇಷ್ಟು ಮಾಡಿದ್ದೆಲ್ಲ ಎಂಥದ್ದಕ್ಕೆ ಮತ್ತೆ?" ಎಂದು ಗದರಿದೆ. ಗದರುತ್ತಾ ನಾನೂ ಅತ್ತುಬಿಟ್ಟೆ.

ಮಗಳು ಬಂದ ಮೇಲೆ ವಿಷಯ ತಿಳಿದು, "ಮಮ್ಮಿ, ತುಮ್ ಭೀ ನಾ!" ಎಂದು ಕೂಗಾಡಿ, ನನ್ನನ್ನು ಅಪ್ಪಿಕೊಂಡು, ಮತ್ತೆ ಕೂಗಾಡಿದಳು. ಯಾರನ್ನು ಬೈಯಬೇಕೆಂದು ಅವಳಿಗೂ ತಿಳಿಯಲಿಲ್ಲ. ನನಗೂ ಇವತ್ತಿನವರೆಗೆ ತಿಳಿದಿಲ್ಲ.

ಆ ಭಾನುವಾರ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು. ಕೋಳಿ ಅತ್ತೆ ಮಾಡಿದರು, ಅನ್ನ ಮಗಳು ಇಟ್ಟಳು, ಸ್ವಲ್ಪ ಹೆಚ್ಚು ನೀರಾಗಿ ಗಂಜಿಯ ಹಾಗಾಯಿತು. ನನ್ನನ್ನು ಎಲ್ಲರಿಗಿಂತ ಮೊದಲು ಕೂರಿಸಿ ತಟ್ಟೆ ಇಟ್ಟರು. ಮೂವರೂ ನಿಂತುಕೊಂಡು ನನ್ನನ್ನು ನೋಡುತ್ತಿದ್ದರೆ ನನಗೆ ಹೊಸ ಮದುಮಗಳ ಹಾಗೆ ಸಂಕೋಚ. ಕೂರಿ ಕೂರಿ ಎಂದು ನಾನು ಹೇಳುತ್ತಲೇ ಇದ್ದೆ. ನನ್ನ ಗಂಡ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೌಟು ಹಿಡಿದು, ಹೋಟೆಲಿನಲ್ಲಿ ಹೊಸ ಗಿರಾಕಿಯನ್ನು ಕೇಳುವ ಹಾಗೆ ಬಾಗಿ ಕೇಳಿದರು.

"ಅನ್ನ ಎಷ್ಟು ಹಾಕಲಿ?"

ನಾನು ಪಾತ್ರೆಯ ಕಡೆ ನೋಡಿದೆ. ಗಂಡನಿಗೆ ಎಷ್ಟು ಅನ್ನ, ಅತ್ತೆಗೆ ಎಷ್ಟು ಉಪ್ಪು, ಮಗಳಿಗೆ ಯಾವ ದಿನ ಹಸಿವೆ ಜಾಸ್ತಿ, ಕೆಳಗಿನ ಮನೆಯವಳಿಗೆ ಎಷ್ಟು ಖಾರ, ಎಲ್ಲ ನನಗೆ ಗೊತ್ತಿತ್ತು. ನನಗೆ ಎಷ್ಟು ಬೇಕು ಎಂದು ಮಾತ್ರ ಗೊತ್ತಿರಲಿಲ್ಲ.

ಅವರು ಸೌಟು ಹಿಡಿದು ಕಾಯುತ್ತಿದ್ದರು. ಅತ್ತೆ ಹಿಂದಿನಿಂದ ಹೇಳಿದರು: "ಮೊದಲು ಒಂದು ಸೌಟು ಹಾಕು. ಉಂಡು ನೋಡಲಿ. ಸಾಲದಿದ್ರೆ ಅವಳೇ ಕೇಳ್ತಾಳೆ."

ಹಾಕಿದರು. ಉಂಡೆ. ಅನ್ನ ಮೆತ್ತಗಾಗಿತ್ತು, ಗಸಿಗೆ ಉಪ್ಪು ಕಡಿಮೆಯಿತ್ತು, ನಾನು ಅದೊಂದನ್ನೂ ಹೇಳಲಿಲ್ಲ. ತಟ್ಟೆ ಖಾಲಿಯಾಯಿತು. ಯಾರೂ ಬಡಿಸಲು ಮುಂದೆ ಬರಲಿಲ್ಲ. ನಾನು ಹೇಳಲಿ ಎಂದು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು. ಮುಖ ಬಿಸಿಯಾಯಿತು. ತಟ್ಟೆ ನೋಡುತ್ತಲೇ, "ಇನ್ನೊಂದು ಸೌಟು ಹಾಕಿ" ಎಂದೆ.

ಮದುವೆಯಾಗಿ ಆ ಮನೆಗೆ ಬಂದ ಮೇಲೆ ನಾನು ಊಟ ಕೇಳಿದ್ದು ಅದೇ ಮೊದಲು.